ಶಕ್ತಿ ಗುಳಿಗೆ

ಸುಮಂಗಲಾ, ಅತ್ತೆಯವರು ಅಂದು ದವಾಖಾನೆ ಸೇರಿದ್ದಕ್ಕೆ ನಿನ್ನ ಕಷಾಯ ಕಾರಣವಲ್ಲ. ನಾನು ಕಾರಣ. ನನ್ನ ಗುಳಿಗೆಯನ್ನು ಸುಳ್ಳು ಹೇಳಿ ಅವರಿಗೆ ಕೊಡುತ್ತಿದ್ದೆ. ಡಾಕ್ಟರು ಕೇಳಿದಾಗ ಅದನ್ನು ಮುಚ್ಚಿಟ್ಟು ನಿನ್ನ ಹೆಸರು ಹೇಳಿದೆ. ಇಷ್ಟು ವರ್ಷ ನೆಗೆಣ್ಣಿಯರಿಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದೆವು— ನಾನು ಬಾಯಿ ಬಿಡಲಿಲ್ಲ.

ನಿನಗೆ ಗೊತ್ತಿಲ್ಲದ್ದನ್ನು ಮೊದಲು ಹೇಳುತ್ತೇನೆ. ನೀನು ಈ ಮನೆಗೆ ಬರುವ ಮೊದಲು, ನನ್ನ ಎರಡನೆಯ ಹೆರಿಗೆಯಾದ ಮೇಲೆ, ನನಗೆ ಬದುಕೇ ಬೇಡವಾಗಿತ್ತು. ಯಲಬುರ್ಗಾದ ತವರಿಗೆ ಎಂದು ಹೇಳಿ ನನ್ನ ಗಂಡ ಹುಬ್ಬಳ್ಳಿಯ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದರು. ಅವರು ಕೊಟ್ಟ ಗುಳಿಗೆಯಿಂದ ತಿಂಗಳೊಪ್ಪತ್ತಿನಲ್ಲಿ ಮನುಷ್ಯಳಾದೆ. ಮನೆಯಲ್ಲಿ ಅದಕ್ಕೆ ಥೈರಾಯ್ಡ್ ಗುಳಿಗೆ ಎಂದು ಹೆಸರಿಟ್ಟೆ. ತಲೆಗೆ ಗುಳಿಗೆ ನುಂಗುವ ಸೊಸೆ ಎಂದರೆ ಭತ್ತದ ದಲಾಲಿಯ ಅಡತಿ ಅಂಗಡಿಯ ಮನೆತನದಲ್ಲಿ ಏನೇನು ಮಾತು ಹುಟ್ಟುತ್ತವೆ, ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ಗೋಡೆಗೆ ಆತು ಕೂತವರು ಏಳಲಿಲ್ಲ. ಅರ್ಧ ಗಂಗಾವತಿಯನ್ನು ಬಾಯಿಂದಲೇ ಆಳುತ್ತಿದ್ದ ಹೆಂಗಸು— ಊಟಕ್ಕೆ ಕರೆದರೆ ಹೂಂ ಅನ್ನಲೂ ತ್ರಾಣವಿಲ್ಲ. ಆ ಕೂರುವಿಕೆ ನನಗೆ ಗೊತ್ತಿತ್ತು. ನಾನೂ ಹಾಗೇ ಕೂತವಳು. ಡಾಕ್ಟರಿಗೆ ತೋರಿಸೋಣವೆಂದರೆ, "ನನಗೇನ್ ಹುಚ್ಚ ಹಿಡದೈತೇನವಾ?" ಎಂದು ಮುಖ ತಿರುವಿದರು. ನಮ್ಮ ಮನೆಯ ಪದ್ಧತಿ ಗೊತ್ತಲ್ಲ, ಒಬ್ಬರಿಗೆ ಹತ್ತಿದ ಗುಳಿಗೆ ಎಲ್ಲರಿಗೂ ಔಷಧ. ಜ್ವರದ್ದು, ಗ್ಯಾಸಿನದ್ದು, ಎಲ್ಲವನ್ನೂ ಒಂದೇ ಸ್ಟೀಲ್ ಡಬ್ಬಿಯಿಂದ ಹಂಚಿಕೊಂಡು ನುಂಗಿದವರು. ನಾನೂ ನನ್ನದನ್ನು ಹಂಚಿದೆ. "ಶಕ್ತಿ ಗುಳಿಗಿ ಅದಾವ್ರಿ, ತೊಗೋರಿ" ಎಂದು ದಿನಾ ಬೆಳಿಗ್ಗೆ ಚಹಾದ ಜೊತೆ ಕೊಟ್ಟೆ. ಕೆಲವು ವಾರಗಳಲ್ಲೇ ಅವರು ತಾವಾಗಿ ಎದ್ದು ಬಂದು ಅಕ್ಕಿ ಆರಿಸಲು ಕೂತರು. ಡಾಕ್ಟರಿಗಿಂತ ನಾನೇ ಶ್ಯಾಣ್ಯಾಕಿ ಅನ್ನಿಸಿತ್ತು, ಸುಳ್ಳೇಕೆ.

ಆಮೇಲೆ ಮೊಣಕಾಲು ನೋವು ಶುರುವಾಯಿತು. ಎಲುಬಿನ ಡಾಕ್ಟರು ಜೋರಿನ ನೋವಿನ ಗುಳಿಗೆ ಬರೆದುಕೊಟ್ಟರು. ನೀನು ನಿನ್ನ ತವರು ಹನುಮಸಾಗರದಿಂದ ಬೇರಿನ ಪುಡಿ ತರಿಸಿ ಕಷಾಯ ಕಾಸಿಕೊಟ್ಟಿದ್ದೂ ಅದೇ ದಿನ. ಮರುದಿನ ಸಂಜೆಗೆ ಅವರ ಮೈಯೆಲ್ಲ ನಡುಕ, ಬೆವರು, ಭೇದಿ. ಕಾಲುಗಳು ತಾವಾಗಿ ಜಗ್ಗಿ ಜಗ್ಗಿ ಒದೆಯುತ್ತಿದ್ದವು. ಜ್ವರ ಏರಿ ಮಾತು ದಿಕ್ಕು ತಪ್ಪಿತು. ಕಾರಿನಲ್ಲಿ ಹಾಕಿಕೊಂಡು ಕೊಪ್ಪಳಕ್ಕೆ ಓಡಿದೆವು.

"ಬ್ಯಾರೆ ಗುಳಿಗಿ ಏನರ ತೊಗೊಂತಾರೇನ್ರಿ ಇವರು?" ಎಂದರು ಡಾಕ್ಟರು, ನೋವಿನ ಗುಳಿಗೆಯ ಚೀಟಿ ನೋಡಿ.

ಮನೆಯವರೆಲ್ಲ ನನ್ನ ಕಡೆ ನೋಡಿದರು, ಔಷಧದ ಉಸಾಬರಿ ನನ್ನದೇ ಆಗಿತ್ತಲ್ಲ. ಗುಳಿಗೆಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅದು ಯಾರದೆಂದು ಕೇಳುತ್ತಾರೆ— ಆಮೇಲೆ ಎಲ್ಲರಿಗೂ—

"ಇಲ್ರಿ. ನಮ್ಮ ಸುಮಂಗಲಾ ಏನೋ ಬೇರಿನ ಕಷಾಯ ಕುಡಿಸ್ಯಾಳ್ರಿ."

ಡಾಕ್ಟರು ಕೇಳಿದ್ದು ಗುಳಿಗೆಯನ್ನು. ಕಷಾಯದ ಮಾತು ತೆಗೆದವಳು ನಾನು. ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ನೀನು, "ನಾನೂ ಅದನ್ನ ಕುಡದೀನಿ, ಅಕ್ಕಾ" ಎಂದೆ. ಯಾರೂ ಕಿವಿಗೊಡಲಿಲ್ಲ.

ದವಾಖಾನೆಯಲ್ಲಿ ಎಲ್ಲ ಗುಳಿಗೆ ನಿಲ್ಲಿಸಿದರು, ಸಲಾಯಿನ್ ಹಚ್ಚಿದರು, ಅತ್ತೆಯವರು ಉಳಿದರು. ನಾನು ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಓಣಿಯ ಯಾರದೋ ಕಥೆಯೆಂಬಂತೆ ಕೇಳಿದೆ. ಡಾಕ್ಟರು ತಾಳ್ಮೆಯಿಂದ ಹೇಳಿದರು. ಸೆರಟೋನಿನ್ ಎಂಬ ರಸ ನಮ್ಮ ಮೈಯಲ್ಲೇ ಹುಟ್ಟುತ್ತದೆ; ಹೆಚ್ಚಿನ ಪಾಲು ಕರುಳಿನಲ್ಲಿ, ಸ್ವಲ್ಪ ಮಿದುಳಿನಲ್ಲಿ. ಮಿದುಳಿನ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಅದನ್ನು ಬಿಡುತ್ತದೆ, ಕೆಲಸವಾದ ಮೇಲೆ ತಿರುಗಿ ಎಳೆದುಕೊಳ್ಳುತ್ತದೆ. ನನ್ನ ಗುಳಿಗೆ ಆ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಕೆಲವು ನೋವಿನ ಗುಳಿಗೆಗಳೂ ಅದನ್ನು ಏರಿಸುತ್ತವೆ. ಎರಡೂ ಕೂಡಿದರೆ, ಭತ್ತದ ಗದ್ದೆಯ ನೀರು ಹೊರಹೋಗುವ ಬಾಯಿ ಕಟ್ಟಿ ಮೇಲಿಂದ ಇನ್ನೊಂದು ಕಾಲುವೆ ಬಿಟ್ಟ ಹಾಗೆ, ಬದು ಒಡೆಯುತ್ತದೆ. ನಡುಕ, ಬೆವರು, ಭೇದಿ, ಒದೆಯುವ ಕಾಲು— ನಾನು ಹೇಳದೆಯೇ ಅವರು ಒಂದೊಂದಾಗಿ ಹೇಳಿದರು. "ಜೀವಾನ ಹೋಗ್ತಿತ್ರಿ" ಎಂದರು. ಗುಳಿಗೆಯ ತಪ್ಪೇನೂ ಇಲ್ಲ. ನಾನು ಈಗಲೂ ಅದನ್ನೇ ನುಂಗಿ ನೆಟ್ಟಗಿದ್ದೇನೆ.

ಅಂದರೆ ಅನುಮಾನಕ್ಕೂ ಜಾಗ ಉಳಿಯಲಿಲ್ಲ. ಆಗಲಾದರೂ ಹೇಳಬಹುದಿತ್ತು. "ಆಕಿ ಕೈಯಾಗಿಂದು ನನಗ ಬ್ಯಾಡವಾ" ಎಂದು ಅತ್ತೆಯವರು ನೀನು ತಂದ ತಾಟು ಸರಿಸುವಾಗಲೆಲ್ಲ ಹೇಳಬಹುದಿತ್ತು. ನಿನ್ನ ಅಪ್ಪ ಹನುಮಸಾಗರದಿಂದ ಬಸ್ಸು ಹಿಡಿದು ಬಂದು, ಪಡಸಾಲೆಯಲ್ಲಿ ಕೈಮುಗಿದು, "ತಪ್ಪಾಗೈತ್ರಿ, ಹೊಟ್ಟ್ಯಾಗ ಹಾಕ್ಕೋರಿ" ಎಂದು ತಲೆ ತಗ್ಗಿಸಿ ನಿಂತ ದಿನ— ಮಾಡದ ತಪ್ಪಿಗೆ ಆ ಹಿರಿಯ ಜೀವ ನಿಂತ ದಿನ— ನಾನು ಅವರಿಗೆ ಚಹಾ ತಂದುಕೊಟ್ಟೆ. ಸಕ್ಕರೆ ಸಾಕೇ ಎಂದೂ ಕೇಳಿದೆ. ಅದನ್ನು ನೆನೆದರೆ ನನಗೆ ನನ್ನ ಮೇಲೆ ಹೇಸಿಕೆ ಬರುತ್ತದೆ.

ಕಳೆದ ತಿಂಗಳು ಅತ್ತೆಯವರ ಕೊನೆಯ ಹೊತ್ತಿನಲ್ಲಿ ನೀನು ಚಮಚದಲ್ಲಿ ನೀರು ಹಿಡಿದೆ. ಅವರು ತುಟಿ ಬಿಗಿದು ನನ್ನ ಕಡೆ ಕಣ್ಣು ತಿರುಗಿಸಿದರು. ನಾನು ನಿನ್ನ ಕೈಯಿಂದ ಚಮಚ ತಗೊಂಡು ಕುಡಿಸಿದೆ. ನೀನು ಹಿತ್ತಲಿಗೆ ಹೋದೆ.

ನಿನ್ನೆ ನನ್ನ ಗಂಡನಿಗೆ ಎಲ್ಲ ಹೇಳಿದೆ. "ಹೋದೋರು ಹೋದ್ರು, ಈಗ್ಯಾಕ ಅದು?" ಎಂದರು. ನೀನು ಇದ್ದೀಯಲ್ಲ, ಅದಕ್ಕೆ. ಬರುವ ಅಮಾವಾಸ್ಯೆಗೆ ಮನೆಯವರೆಲ್ಲ ಕೂಡುತ್ತಾರೆ. ನಿನ್ನ ಅಪ್ಪನನ್ನೂ ಬರಹೇಳಿದ್ದೇನೆ. ಅನ್ನುವವರು ಏನಾದರೂ ಅನ್ನಲಿ, ನಾನು ಯಾವ ಗುಳಿಗೆ ನುಂಗುತ್ತೇನೆ ಎಂಬುದರಿಂದಲೇ ಶುರು ಮಾಡಿ ಎಲ್ಲರೆದುರು ಹೇಳುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ.

ಅತ್ತೆಯವರಿಗೆ ಮಾತ್ರ ಇನ್ನು ಹೇಳಲಾಗುವುದಿಲ್ಲ. ನಿನ್ನ ಮೇಲಿನ ಸಿಟ್ಟನ್ನು ಅವರು ಹಾಗೇ ಕಟ್ಟಿಕೊಂಡು ಹೋದರು— ಆ ಸಿಟ್ಟು ಹುಟ್ಟಿಸಿದವಳ ಕೈಯಿಂದಲೇ ಕೊನೆಯ ನೀರು ಕುಡಿದು.