ಕಾಯಿಸದ ತಮಟೆಯ ಸೊಣ್ಣಪ್ಪ

ಸುಳ್ಳು ಅಂತ ಯಾರಾದರೂ ಹೇಳಿ...
ಫೇಕ್ ನ್ಯೂಸ್ ಅಂತಾದರೂ ಹೇಳಿ...
ಬೆಳಗಾದರೆ ಸುಳ್ಳನ್ನೇ ಫಾರ್ವರ್ಡ್ ಮಾಡುವ ನೀವು, ಇದೊಂದನ್ನು ಸುಳ್ಳು ಮಾಡಲಾರಿರಾ?

ನಮ್ಮ ಟೇಕಲ್ ಸೊಣ್ಣಪ್ಪ ಇಲ್ಲ.

ಇವತ್ತು ಬೆಳಿಗ್ಗೆ ನರಸಾಪುರದಲ್ಲಿ, ಕಂಪನಿ ಗೇಟಿನ ಮುಂದೆ ಶಿಫ್ಟಿನವರನ್ನು ಇಳಿಸಿ ಸ್ಟೇರಿಂಗಿಗೆ ತಲೆ ಆನಿಸಿದನಂತೆ.
ನಿದ್ದೆ ಅಂದುಕೊಂಡರಂತೆ...
ಹಾರ್ಟ್ ಅಟ್ಯಾಕ್.

ಅವನನ್ನು ಕಾಣದವರಿಗೆ ಹೇಳುತ್ತೇನೆ.
ಕಂಪನಿ ಬಸ್ಸಿನ ಡ್ರೈವರ್. ದಲಿತ ಚಳವಳಿಯಲ್ಲಿ ನನ್ನ ಜೊತೆ ಬೆಳೆದವನು.
ಕೋಲಾರ, ಮಾಲೂರು, ಮುಳಬಾಗಿಲು ತಿರುಗಿ ‘ಮೆಲ್ಲಗೆ ಮಾತಾಡಿ’ ಎಂಬ ಹುಚ್ಚು ಮೆರವಣಿಗೆ ತೆಗೆದವನು.

ಅದು ಹುಟ್ಟಿದ್ದು ಬಸ್ಸಿನಲ್ಲೇ.
ಸೀಟುಗಳ ಮಧ್ಯೆ ಪಾರ್ಟಿ ಜಗಳ ಕಾಲರ್ ಹಿಡಿಯುವ ಮಟ್ಟಕ್ಕೆ ಹೋದಾಗ, ಗಾಡಿ ಸೈಡಿಗೆ ಹಾಕಿ ಇಂಜಿನ್ ಆಫ್ ಮಾಡಿದ.
"ವಾಲ್ಯೂಮ್ ಕಮ್ಮಿ ಮಾಡ್ರಪ್ಪಾ, ಬಸ್ ಹೊರಡ್ತೈತೆ. ಇಲ್ದಿದ್ರೆ ಎಲ್ರಿಗೂ ಹಾಫ್ ಡೇ!"

ಆಮೇಲೆ ಅದೇ ಬಸ್ಸಿನವರನ್ನು ಕಟ್ಟಿಕೊಂಡು ಬೀದಿಗೆ ಬಂದ.
"ಬೇಕೇ ಬೇಕು!"
"ಏನ್ ಬೇಕು?"
"ಎದುರ್ನೋನ್ ಮಾತು ಪೂರ್ತಿ ಕೇಳ್ಬೇಕು!"
"ಧಿಕ್ಕಾರ, ಧಿಕ್ಕಾರ!"
"ಯಾರಿಗೆ ಧಿಕ್ಕಾರ?"
"ನನ್ನ ನಾಲಿಗೆಗೆ ಧಿಕ್ಕಾರ!"

ಕೈಯಲ್ಲಿ ಬೋರ್ಡುಗಳು...
‘ನಮ್ಮ ನಾಯಕರೂ ಒಂದೊಂದ್ಸಲ ತಪ್ಪು ಮಾಡ್ತಾರಂತೆ, ಹೌದಾ?’
‘ನಿಮ್ಮನ್ನ ಒಪ್ಪಲ್ಲ. ದೋಸೆ ತಿನ್ನೋಣ ಬನ್ನಿ.’

ಮುಂದೆ ತಮಟೆ.
ಬಾರಿಸುವ ಮುನ್ನ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಚರ್ಮ ಬಿಗಿಯಾದರೇನೇ ಅದರ ದನಿ ಏಳುವುದು.
ಇವನು ಕಾಯಿಸಲು ಬಿಡುತ್ತಿರಲಿಲ್ಲ.
ದೊಬ್... ದೊಬ್... ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗೆ.
"ಇದೇನ್ಲಾ ಸೊಣ್ಣಾ, ತಮಟೆಗೂ ಜ್ವರ ಬಂದೈತಾ?" ಅಂದಿದ್ದೆ.
"ಊರೆಲ್ಲಾ ಕಾದು ಕುಂತೈತೆ ಕಣಣ್ಣ. ಇದಾದ್ರೂ ತಣ್ಣಗಿರ್ಲಿ ಬಿಡು."

ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಜ್ಜಿ ಆ ಸದ್ದಿಗೆ ಎದ್ದು ನಿಂತು, ಯಾರೋ ಸತ್ತಿದ್ದಾರೆ ಅಂದುಕೊಂಡು ತೆಲುಗಿನಲ್ಲಿ ಕೇಳಿದ್ದರು...
"ಎವುರು ಪೋಯಿನಾರು ನಾಯನಾ?"
ಇವನು ನಗುತ್ತಾ, "ಇಂಕಾ ಎವುರೂ ಪೋಲೇದವ್ವಾ. ಪೋಕೂಡದನೇ ಇದಂತಾ" ಅಂದಿದ್ದ.
ಇನ್ನೂ ಯಾರೂ ಹೋಗಿಲ್ಲ, ಹೋಗಬಾರದು ಅಂತಲೇ ಇದೆಲ್ಲಾ...
ಅಜ್ಜಿ ಅವನ ಜೇಬಿಗೆ ಒಂದು ಮೊಳ ಕನಕಾಂಬರ ತುರುಕಿದ್ದರು.

ನಾನು ಅವನ ದಾರಿ ಒಪ್ಪಿದವನಲ್ಲ. ಅವನು ಸತ್ತ ಅಂತ ಈಗ ಒಪ್ಪಿದೆ ಎನ್ನುವುದೂ ಇಲ್ಲ.
ಊರವರು ನಮ್ಮ ಅಪ್ಪಂದಿರ ಕೈಯಲ್ಲಿ ಬಲವಂತವಾಗಿ ಬಾರಿಸಿದ ತಮಟೆ ಅದು. ನಾವು ಅದನ್ನೇ ಬೆಂಕಿಗೆ ಹಿಡಿದು, ಬೀದಿಗೆ ತಂದು, ಊರಿನ ಕಿವಿ ತೆರೆಸಿದೆವು.
ಹೋಟೆಲಿನಲ್ಲಿ ನಮಗೆ ಲೋಟ ಬೇರೆ ಇಟ್ಟವನ ಮುಂದೆ ಮೆಲ್ಲಗೆ ಮಾತಾಡು ಎಂದರೆ ನನ್ನಿಂದ ಆಗದು.
ಸೊಣ್ಣನ ಮುಖಕ್ಕೇ ಹೇಳಿದ್ದೆ. ಅದಕ್ಕವನು...

"ಲೋಟ ಬೇರೆ ಇಟ್ಟೋನ್ನ ಬೈಯಣ್ಣ, ನಾನೂ ಬರ್ತೀನಿ. ಚಲಪತಿ, ಅಂಜಿ ಒಂದೇ ಲೋಟದಾಗೆ ಕುಡ್ದೋರು. ಯಾವನೋ ಲೀಡ್ರುಗೋಸ್ಕರ ಮಾತು ಬಿಟ್ಟವ್ರಲ್ಲ, ಅದಕ್ಕೇನ್ ಮಾಡ್ತೀಯ?"


ಚಲಪತಿ, ಅಂಜಿ... ನಮ್ಮ ತಂಡದ ಜೋಡಿ ತಮಟೆ. ಒಬ್ಬನ ಪೆಟ್ಟು ಮುಗಿಯುವಲ್ಲಿ ಇನ್ನೊಬ್ಬನ ಪೆಟ್ಟು ಶುರು. ಹೋದ ಎಲೆಕ್ಷನ್ನಿನಿಂದ ಎದುರು ಬದುರು ಬಂದರೆ ರಸ್ತೆ ಬದಲಿಸುತ್ತಾರೆ.
ಅವರಿಬ್ಬರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕು... ಸೊಣ್ಣನ ಆಸೆ ಅದೊಂದೇ.

ನಿನ್ನೆ ಸಂಜೆ ಫೋನ್ ಮಾಡಿದ್ದ.
"ಭಾನುವಾರ ಶ್ರೀನಿವಾಸಪುರದ ಮೆರವಣಿಗೆಗೆ ಇಬ್ರೂ ಬರ್ತಾವ್ರೆ ಕಣಣ್ಣ! ಒಬ್ಬೊಬ್ಬನ್ಗೂ ಇನ್ನೊಬ್ಬ ಬರಲ್ಲ ಅಂತ ಸುಳ್ಳು ಹೇಳಿವ್ನಿ. ನೀನು ಬಂದು ಬಾಯ್ ಮುಚ್ಕೊಂಡು ನಿಂತ್ಕೋ, ಸಾಕು."

ಸೊಣ್ಣಾ...
ಭಾನುವಾರದ ತನಕ ಕಾಯಬಾರದಿತ್ತೇನೋ?

ಬಂದಿದ್ದಾರೆ ಕಣೋ. ಇಬ್ಬರೂ ಬಂದಿದ್ದಾರೆ.
ನಿನ್ನ ಅಂಗಳಕ್ಕೇ ಬಂದಿದ್ದಾರೆ.
ಚಲಪತಿ ಅವನ ಪಾರ್ಟಿ ಶಾಲು ತಂದ. ಅಂಜಿ ಅವನದು ತಂದ. ನಿನ್ನ ಎದೆಯ ಮೇಲೆ ಯಾವುದು ಹೊದಿಸಬೇಕು ಅಂತ ಶುರುವಾಯಿತು...
ನಿನ್ನ ಹೆಂಡತಿ ರತ್ನಮ್ಮ ಎದ್ದು ಬಂದು ಎರಡನ್ನೂ ಪಕ್ಕಕ್ಕಿಟ್ಟಳು.
"ಎರಡೂ ಬ್ಯಾಡ. ಬಸ್ಸಿಗೆ ಹೋದ ಖಾಕಿ ಶರ್ಟೇ ಇರ್ಲಿ ಅವ್ರಿಗೆ."
ಅಷ್ಟು ಹೇಳಲೂ ನನ್ನಿಂದ ಆಗಲಿಲ್ಲ ಸೊಣ್ಣಾ...

ಗ್ರೂಪಿನಲ್ಲಿ ನಿನ್ನ ಫೋಟೋ ಹಾಕಿದೆ. ಕೆಳಗೆ ಆಗಲೇ ಕಿತ್ತಾಟ...
‘ಅವನು ನಮ್ಮ ಕಡೆಯವನು’ ‘ಅಲ್ಲ, ನಮ್ಮವನು’...
ಫ್ರೆಂಡ್ಸ್, ಕೈ ಮುಗಿಯುತ್ತೇನೆ. ಈ ಪೋಸ್ಟಿನ ಕೆಳಗಾದರೂ ಬೇಡ.

ಟೇಕಲ್‌ನ ಅವನ ಅಂಗಳದಲ್ಲಿ ನಿಂತೇ ಇದನ್ನು ಬರೆಯುತ್ತಿದ್ದೇನೆ.
ಚಟ್ಟ ಕಟ್ಟಿ ಆಗಿದೆ. ಹುಲ್ಲಿಗೆ ಬೆಂಕಿ ಹಚ್ಚಿದ್ದಾರೆ.
ತಮಟೆ ಹಿಡಿದು ಬೆಂಕಿಯ ಆಚೆ ಒಬ್ಬ, ಈಚೆ ಒಬ್ಬ.

"ಅಣ್ಣಾ, ಅವನ್ಗೆ ಹೇಳು. ಕಾಯಿಸ್ದೆ ಹೆಂಗೆ ಕಳ್ಸೋದು? ನಮ್ ಸೊಣ್ಣ ಏನು ಮೂಗನಾ?" ಚಲಪತಿ.
"ಅಣ್ಣಾ, ನೀನೇ ಅವನ್ಗೆ ಹೇಳು. ಕಾಯಿಸ್ಬ್ಯಾಡಿ ಅಂತಲೇ ಬಡ್ಕೊಂಡೋನು ಸೊಣ್ಣ. ಕಾಯಿಸಿದ್ರೆ ನಾನು ಕೋಲು ಮುಟ್ಟಲ್ಲ!" ಅಂಜಿ.

ಮೆಲ್ಲಗೆ ಮಾತಾಡಿ ಎಂದವನ ಹೆಣದ ಮುಂದೆ, ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ನನ್ನ ಮೇಲೆ ಕೂಗುತ್ತಿದ್ದಾರೆ.
ಮೈಕ್ ಸಿಕ್ಕರೆ ಸರ್ಕಾರಗಳನ್ನು ಬೈಯುವ ಬಾಯಿ ನನ್ನದು. ಈಗ ಎರಡು ಮಾತು ಹೊರಡುತ್ತಿಲ್ಲ.
ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ನೀನು ಹೇಳಿದ ಹಾಗೇ...
ಸಾಕಾಗುತ್ತಿಲ್ಲ ಕಣೋ.

ಹುಲ್ಲು ಉರಿದು ಮುಗಿಯುತ್ತಾ ಬಂತು.
ಇಬ್ಬರೂ ಬಾರಿಸುತ್ತಿಲ್ಲ.
ಹೊತ್ತಾಯಿತು, ಎತ್ತಿ ಎನ್ನುತ್ತಿದ್ದಾರೆ ಹಿರಿಯರು...

ತಮಟೆಯಿಲ್ಲದೆಯೇ ಹೋಗಿಬಿಡು ಸೊಣ್ಣಾ.
ನಮಗೆ ಉಳಿಸಿಕೊಳ್ಳಲಾಗದ ಶಾಂತಿ, ನಿನಗಾದರೂ ಇರಲಿ.