ರೇಡಿಯೇಟರಿಗೆ ಹಾಕಿದ ಅರಿಶಿನ

ಮೊನ್ನೆ ಶೀತವಾಗಿ ಮೂಗು ಕಟ್ಟಿತ್ತು. ಕುದಿಯುವ ನೀರಿಗೆ ಅರಿಶಿನ ಹಾಕಿ, ತಲೆಗೆ ಟವೆಲ್ ಹೊದ್ದು ಪಾತ್ರೆಯ ಮೇಲೆ ಬಾಗಿದೆ. ಮೂಗು ಸ್ವಲ್ಪ ಬಿಟ್ಟು ವಾಸನೆ ಹತ್ತಿದ್ದೇ ತಡ, ನೆನಪಾದದ್ದು ಅಮ್ಮನ ಅಡುಗೆಮನೆಯಲ್ಲ, ಮದುವೆಮನೆಯೂ ಅಲ್ಲ. ಬಾನೆಟ್ ತೆರೆದುಕೊಂಡು ರಸ್ತೆ ಬದಿ ನಿಂತಿದ್ದ ಒಂದು ಹಳೇ ಕಾರು. ಬಿಸಿ ಅರಿಶಿನದ ವಾಸನೆಗೆ ಕಾರು ನೆನಪಾಗುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು…

ಕಾರು ನಮ್ಮ ಮನೆ ಓನರ್ರದ್ದು. ಮೇಳಿಗೆ ಎಂಬ ಹಳ್ಳಿಯ ನಾನು ಮೊದಲ ಕೆಲಸ ಸಿಕ್ಕಿ ಸಾಗರಕ್ಕೆ ಬಂದಾಗ ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಟೆಲಿಫೋನ್ ಇಲಾಖೆಯಲ್ಲಿ ಜೀವಮಾನವಿಡೀ ತಂತಿ ಜೋಡಿಸಿ ನಿವೃತ್ತರಾದವರು ಅವರು. ನಿವೃತ್ತಿಯಾದ ವರ್ಷವೇ ಅಡಿಕೆ ವ್ಯಾಪಾರಿಯೊಬ್ಬರ ಹಳೇ ಪೆಟ್ರೋಲ್ ಕಾರನ್ನು ಕೊಂಡು, ಅಂಗಳದಲ್ಲಿ ತಂದು ನಿಲ್ಲಿಸಿ, ಹೆಂಡತಿಗೆ ಮಾತು ಕೊಟ್ಟಿದ್ದರು: ಈ ಕಾರಿನ ಮೊದಲ ಪ್ರಯಾಣ ಇಕ್ಕೇರಿಗೆ, ಅಮ್ಮನವರ ಗುಡಿಗೆ. ಓನರಮ್ಮನ ತವರು ಇಕ್ಕೇರಿಯ ಕಡೆ. ಮದುವೆಗೆ ಮುಂಚೆ ಶುಕ್ರವಾರ ತಪ್ಪಿಸದೆ ಆ ಗುಡಿಗೆ ಹೋಗುತ್ತಿದ್ದವರು. ಮಾತು ಕೇಳಿ ಹಿಗ್ಗಿದರು. ಮರುದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ.

ನಾನು ಹೋಗುವಷ್ಟರಲ್ಲಿ ಕಾರು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಭಾನುವಾರ ಬಂತೆಂದರೆ ಓನರ್ರು ಹಳೇ ಲುಂಗಿ ಉಟ್ಟು ಅದರಡಿ ನುಸುಳುತ್ತಿದ್ದರು. ಗ್ಯಾರೇಜಿಗೆ ಕೊಟ್ಟರೆ ಗಾಡಿ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಕಾರು ಅದಕ್ಕಿಂತ ಹೆಚ್ಚು ಇನ್ನೇನು ಕೆಡಲು ಸಾಧ್ಯವಿತ್ತೋ ನನಗಂತೂ ತಿಳಿಯದು. ಬೆಂಕಿ, ಪೆಟ್ರೋಲು, ಗಾಳಿ ಈ ಮೂರರಲ್ಲಿ ಯಾವುದು ಬರುತ್ತಿಲ್ಲ ಎಂದು ಹುಡುಕಿದರೆ ಅರ್ಧ ರಿಪೇರಿ ಮುಗಿಯಿತು ಎನ್ನುತ್ತಿದ್ದರು. ಉಳಿದರ್ಧ ಮಾತ್ರ ಮುಗಿಯುತ್ತಿರಲಿಲ್ಲ. ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದರು. ಬ್ಯಾಟರಿಯ ಮೇಲೆ ಬೆಳೆದ ಬಿಳಿ ಪುಡಿಯನ್ನು ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆಯುತ್ತಿದ್ದರು. ಟ್ಯಾಂಕು ಸೋರಿದಾಗ ಬಟ್ಟೆ ಒಗೆಯುವ ಸೋಪು ತಿಕ್ಕಿ ತೂತು ಮುಚ್ಚಿದ್ದರು. ಒಂದು ಸರಿಯಾದರೆ ಇನ್ನೊಂದು ಕೈಕೊಡುತ್ತಿತ್ತು. ಎಲ್ಲವೂ ಸರಿಯಾದ ಒಂದು ವಾರ ಇಲಿ ವಯರು ಕಡಿದು ಹಾಕಿತು.

ರೇಡಿಯೇಟರಿನ ಸಣ್ಣ ತೂತಿಗೆ ಅರಿಶಿನಪುಡಿ ಹಾಕಿದರೆ ಅದು ಉಬ್ಬಿಕೊಂಡು ಸೋರುವುದನ್ನು ನಿಲ್ಲಿಸುತ್ತದೆ, ಹಿಂದಿನ ಲಾರಿ ಡ್ರೈವರುಗಳೆಲ್ಲ ಹಾಗೇ ಮಾಡುತ್ತಿದ್ದರು ಎಂದು ಒಮ್ಮೆ ಹೇಳಿದ್ದರು. ನನ್ನ ಅರಿಶಿನದ ಡಬ್ಬಿ ಮುಟ್ಟಿದರೆ ಅವತ್ತು ಊಟ ಇಲ್ಲ ಎಂದು ಓನರಮ್ಮ ಒಳಗಿನಿಂದಲೇ ಎಚ್ಚರಿಸಿದ್ದರು. ಹಿತ್ತಲಲ್ಲಿ ಬೆಳೆದ ಕೊಂಬನ್ನು ಬೇಯಿಸಿ, ಒಣಗಿಸಿ, ಕುಟ್ಟಿ ಅವರೇ ಮಾಡುತ್ತಿದ್ದ ಅರಿಶಿನ ಅದು. ಪ್ರತಿ ನವರಾತ್ರಿಗೂ ಅದರಲ್ಲಿ ಒಂದು ಪೊಟ್ಟಣ ಇಕ್ಕೇರಿಯ ಅಮ್ಮನಿಗೆಂದು ಕಟ್ಟಿಡುತ್ತಿದ್ದರು. ಕಾರು ಹೊರಡುತ್ತಿರಲಿಲ್ಲ. ಹಬ್ಬ ಕಳೆದ ಮೇಲೆ ಪೊಟ್ಟಣ ಬಿಚ್ಚಿ ಅಡುಗೆ ಡಬ್ಬಿಗೇ ಸುರಿಯುತ್ತಿದ್ದರು.

ಸಾಗರಕ್ಕೂ ಇಕ್ಕೇರಿಗೂ ಎಷ್ಟು ದೂರ? ಬೆಳಿಗ್ಗೆ ನಡೆದು ಹೊರಟರೂ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಆಟೋ ಹತ್ತಿದರೆ ಕುಳಿತದ್ದೇ ಗೊತ್ತಾಗುವುದಿಲ್ಲ. ಆದರೂ ಓನರಮ್ಮ ಅಷ್ಟು ವರ್ಷ ಹೋಗಿರಲಿಲ್ಲ. ಇವರಿಗೆ ಇಕ್ಕೇರಿ ಕಾಶಿಗಿಂತ ದೂರ ಎಂದು ಬೀದಿಯವರು ನಗುತ್ತಿದ್ದರು, ನಾನೂ ನಕ್ಕಿದ್ದೆ. ಆಟೋದಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಬನ್ನಿ ಎಂದೆ ಒಂದು ದಿನ. ಮೆಟ್ಟಿಲ ಮೇಲೆ ಕೂತು ಹೂ ಕಟ್ಟುತ್ತಿದ್ದ ಅವರು ತಲೆ ಎತ್ತಲಿಲ್ಲ.

"ನಾನು ಆಟೋ ಹತ್ತಿದ ದಿನ ಅವ್ರು ಸ್ಪ್ಯಾನರ್ ಕೆಳಗಿಡ್ತಾರೆ ಮಾರಾಯ್ತಿ," ಎಂದರು.

ಆಮೇಲೆ ನಾನು ಆ ವಿಷಯಕ್ಕೆ ನಗಲಿಲ್ಲ.

ನಾನಿದ್ದ ಎರಡನೆಯ ನವರಾತ್ರಿಯ ಶುಕ್ರವಾರ ಕಾರು ಸ್ಟಾರ್ಟ್ ಆಯಿತು. ಸುಮ್ಮನೆ ಅಲ್ಲ, ಇಡೀ ಬೀದಿ ಕಿಟಕಿಗೆ ಬರುವಷ್ಟು ಸದ್ದು ಮಾಡಿಕೊಂಡು. ಓನರ್ರು ಲುಂಗಿ ಬಿಟ್ಟು ಇಸ್ತ್ರಿಯ ಪಂಚೆ ಉಟ್ಟರು. ಓನರಮ್ಮ ರೇಷ್ಮೆ ಸೀರೆಯಲ್ಲಿ ಮುಂದಿನ ಸೀಟಿನಲ್ಲಿ ಕುಳಿತರು. ಮಡಿಲಲ್ಲಿ ಹೂವು, ಹಣ್ಣುಕಾಯಿ, ಕುಂಕುಮ, ಆ ಅರಿಶಿನದ ಪೊಟ್ಟಣ. ನನ್ನನ್ನು ಹಿಂದೆ ಕೂರಿಸಿಕೊಂಡದ್ದು ಪ್ರೀತಿಯಿಂದಲೇ ಇರಬಹುದು. ತಳ್ಳಲು ಒಬ್ಬರು ಇರಲಿ ಎಂಬ ಮುಂದಾಲೋಚನೆಯೂ ಇತ್ತೆಂದು ನನ್ನ ಗುಮಾನಿ.

ಪೇಟೆ ದಾಟಿ ಅರ್ಧ ದಾರಿ ಬಂದಿರಬೇಕು, ಬಾನೆಟ್ಟಿನ ಸಂದಿಯಿಂದ ಹಬೆ ಏಳತೊಡಗಿತು. ಓನರ್ರು ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿದರು. ರೇಡಿಯೇಟರಿನ ಕೆಳಗಿನಿಂದ ಬಿಸಿನೀರು ಎಳೆಯಾಗಿ ಸುರಿಯುತ್ತಿತ್ತು. ಅವರು ಬಹಳ ಹೊತ್ತು ನೋಡುತ್ತ ನಿಂತರು. ಯಾವಾಗಲೂ ಇಂಥ ಹೊತ್ತಲ್ಲಿ ಬೆಂಕಿ, ಪೆಟ್ರೋಲು ಎಂದು ಲೆಕ್ಕ ಶುರುಮಾಡುವವರು, ಅವತ್ತು ಸ್ಪ್ಯಾನರನ್ನೂ ಹೊರತೆಗೆಯಲಿಲ್ಲ. ಕೈ ಒರೆಸಿಕೊಂಡು ಹೆಂಡತಿಯ ಕಿಟಕಿಯ ಹತ್ತಿರ ಬಂದರು.

"ಇದು ಇನ್ನು ಹೋಗ್ತಿಲ್ಲೆ," ಎಂದರು, ತಮ್ಮ ಮನೆಮಾತಿನಲ್ಲಿ. "ನಿಂಗ ಇಬ್ರೂ ಆಟೋ ಹಿಡ್ಕಂಡು ಹೋಗಿ."

ಅವರ ಮುಖ ನೋಡಲಾಗದೆ ನಾನು ಗದ್ದೆಯ ಕಡೆ ತಿರುಗಿದೆ. ಆಟೋ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಅದುವರೆಗೆ ಕೇಳಿರಲಿಲ್ಲ. ಓನರಮ್ಮ ಮಡಿಲಿಗೆ ಕೈ ಹಾಕಿ ಪೊಟ್ಟಣ ತೆಗೆದು ಗಂಡನ ಮುಂದೆ ಹಿಡಿದರು.

"ಅರಿಶಿನ ಇದ್ದು. ಹಾಕಿ."

ಅದು ದೇವರದ್ದು ಎಂದು ಓನರ್ರು ಹಿಂದೆ ಸರಿದರು. ಓನರಮ್ಮ ಕೈ ಹಿಂದೆಗೆಯಲಿಲ್ಲ. ಇಂಜಿನ್ನು ಆರುವವರೆಗೆ ಕಾದೆವು. ನಾನು ಹತ್ತಿರದ ಮನೆಗೆ ಹೋಗಿ ಕೊಡಪಾನದಲ್ಲಿ ನೀರು ತಂದೆ. ಓನರ್ರು ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿ, ಪೊಟ್ಟಣವನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಅಷ್ಟೂ ಸುರಿದು ನೀರು ತುಂಬಿದರು. ಇಂಜಿನ್ನು ಬಿಸಿಯಾಗುತ್ತಿದ್ದಂತೆ ಹಳದಿ ನೀರು ಎಳೆಯಾಗಿ ಬಂತು, ಆಮೇಲೆ ಹನಿಯಾಯಿತು, ಆಮೇಲೆ ನಿಂತಿತು. ರಸ್ತೆಯ ತುಂಬ ಆ ವಾಸನೆ…

ಇಕ್ಕೇರಿ ಮುಟ್ಟಿದೆವು. ಗುಡಿಯಲ್ಲಿ ಭಟ್ಟರು ತಟ್ಟೆ ನೋಡಿ, ಕುಂಕುಮ ಇದೆ, ಅರಿಶಿನ ಎಲ್ಲಿ ಎಂದು ಕೇಳಿದರು. ಬರುವ ದಾರಿಯಲ್ಲೇ ಒಪ್ಪಿಸಿ ಆಯಿತು ಎಂದರು ಓನರಮ್ಮ. ಕಣ್ಣು ಮುಚ್ಚಿ ಕೈಮುಗಿದು ನಿಂತವರ ಪಕ್ಕದಲ್ಲಿ ಓನರ್ರು ಕೈಮುಗಿಯುವುದನ್ನೂ ಮರೆತು ಹೆಂಡತಿಯನ್ನೇ ನೋಡುತ್ತಿದ್ದರು.

ಅದೇ ಕಾರಿನಲ್ಲಿ ಹೇಗೋ ಮನೆಗೂ ಬಂದೆವು. ಅದೇ ಕೊನೆ. ತೂತು ಮುಚ್ಚಿದ ಅರಿಶಿನ ಒಳಗೆ ನೀರು ಹರಿಯುವ ದಾರಿಗಳನ್ನೂ ಮುಚ್ಚಿಬಿಟ್ಟಿತ್ತು. ಹಾಗಾಗುವುದು ಗೊತ್ತಿರಲಿಲ್ಲವೇ ಎಂದು ಓನರ್ರನ್ನು ಕೇಳಿದೆ. ಗೊತ್ತಿತ್ತು ಎಂದರು. ಚಿಟಿಕೆ ಹಾಕಬೇಕಾದ ಕಡೆ ಪೊಟ್ಟಣವೇ ಹೋಯಿತು, ಅವಳು ದೇವರದ್ದನ್ನೇ ಕೊಟ್ಟಮೇಲೆ ನಾನು ಕಾರಿನ ಮುಖ ನೋಡಲೇ ಎಂದರು. ಮುಂದಿನ ಭಾನುವಾರ ಅವರು ಲುಂಗಿ ಉಟ್ಟು ಅಂಗಳಕ್ಕೆ ಬರಲಿಲ್ಲ. ಹೆಂಡತಿಯ ಜೊತೆ ಜಗುಲಿಯಲ್ಲಿ ಕೂತು ಕಾಫಿ ಕುಡಿದರು. ಅವರ ಕೈ ಅಷ್ಟು ಚೊಕ್ಕಟವಾಗಿದ್ದುದನ್ನು ನಾನು ನೋಡಿದ್ದು ಅವತ್ತೇ.

ನನಗೆ ಹೊಸನಗರಕ್ಕೆ ವರ್ಗವಾಯಿತು. ಮದುವೆ, ಮಕ್ಕಳು, ಊರಿಂದೂರಿಗೆ ಓಡಾಟ… ಓನರ್ರು ಹೋದ ಸುದ್ದಿ ತಡವಾಗಿ ತಿಳಿದು ಮಾತಾಡಿಸಲು ಹೋದೆ. ಅಂಗಳ ಖಾಲಿಯಾಗಿತ್ತು. ನಾನು ಹೊರಡುವಾಗ ಅರಿಶಿನ ಕುಂಕುಮದ ತಟ್ಟೆ ತಂದದ್ದು ಪರವೂರಿನಿಂದ ಬಂದಿದ್ದ ಅವರ ಸೊಸೆ. ಓನರಮ್ಮ ದೂರದಲ್ಲೇ ನಿಂತಿದ್ದರು. ಗಂಡ ಹೋದ ಹೆಂಗಸು ಅದನ್ನು ಹಚ್ಚಿಕೊಳ್ಳುವುದಿಲ್ಲ, ಇನ್ನೊಬ್ಬರಿಗೆ ಕೊಡುವುದೂ ಇಲ್ಲ ಎಂಬ ಕಟ್ಟಲೆ ಆ ಮನೆಯಲ್ಲಿತ್ತು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಅವರು ಗೇಟಿನವರೆಗೆ ನನ್ನ ಜೊತೆ ಬಂದರು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಮೆಲ್ಲಗೆ ಹೇಳಿದರು.

"ಅವ್ರು ಹೋದ್ಮೇಲೆ ಗುಜರಿಯವ್ರು ಬಂದಾಗ ಕಾರಿನ ನೀರೆಲ್ಲ ಇಲ್ಲೇ ಬಸಿದ್ರು. ಇನ್ನೂ ಹಳದಿಯೇ ಇತ್ತು. ಸೊಸೆ ತೊಳೀತೀನಿ ಅಂದ್ಲು, ಬೇಡ ಅಂದೆ. ಎಲ್ಲರೂ ಒಳಗೆ ಹೋದ್ಮೇಲೆ ಬರಿಗಾಲಲ್ಲಿ ಅದ್ರ ಮೇಲೆ ನಡೆದೆ ಮಾರಾಯ್ತಿ. ಪಾದ ಎಲ್ಲ ಅರಿಶಿನ ಆಯ್ತು."

ಈಗ ಅವರೂ ಇಲ್ಲ. ಟವೆಲ್ ತೆಗೆದಾಗ ನನ್ನ ಪಾತ್ರೆಯ ನೀರು ಆರಿ, ಅರಿಶಿನ ತಳ ಸೇರಿತ್ತು. ಕಣ್ಣಲ್ಲಿ ನೀರು ನೋಡಿ, ಹಬೆ ಜಾಸ್ತಿ ತಗೊಂಡ್ಯಾ ಎಂದು ಮನೆಯವರು ಕೇಳಿದರು. ಹೂಂ ಎಂದೆ.