ಒಣಗಲು ಬಿಡದ ಗೇಟು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫುಟ್‌ಬಾಲ್ ಮೈದಾನದ ಕಬ್ಬಿಣದ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತ ಪೇಂಟರಣ್ಣ ಡಬ್ಬಿಯಲ್ಲಿ ನೀಲಿ ಬಣ್ಣ ಕಲಕುತ್ತಿದ್ದಾರೆ, ಜೊತೆಗೆ ಗೊಣಗುತ್ತಿದ್ದಾರೆ. ಎರಡೂ ಒಂದೇ ವೇಗದಲ್ಲಿ ಸಾಗಿವೆ, ಕೇಳಿಸಿಕೊಳ್ಳಲು ಪಕ್ಕದಲ್ಲಿ ನಾನಿದ್ದೇನೆ. "ಬಣ್ಣ ಹಚ್ಚೋದು ಯಾಕೆ ಹೇಳಿ? ಒಣಗ್ಲಿ ಅಂತ. ಇಲ್ಲಿ ಮಾತ್ರ ಒಣಗಬಾರ್ದು ಅಂತ ಹಚ್ಚಿಸ್ಕೋತಾರೆ. ತಲೆ ಕೆಟ್ಟಿದೆ ಈ ಜನಕ್ಕೆ."

ಕೆಟ್ಟಿರುವುದು ನಿಜ. ಪಂದ್ಯದ ದಿನ ಅಭಿಮಾನಿಗಳು ಒಳಹೋಗುವ ಮುಂಚೆ ಈ ಗೇಟಿಗೆ ಅಂಗೈ ಒತ್ತಬೇಕು, ಅಂಗೈಗೆ ನೀಲಿ ಹತ್ತಬೇಕು. ಹತ್ತದಿದ್ದರೆ ತಂಡ ಸೋಲುತ್ತದಂತೆ. ಹತ್ತಿದಾಗಲೂ ಬೇಕಾದಷ್ಟು ಸಲ ಸೋತಿದೆಯಲ್ಲ ಎಂದರೆ, ಯಾರೋ ಸರಿಯಾಗಿ ಒತ್ತಿಲ್ಲ ಎನ್ನುತ್ತಾರೆ. ಇಂಥವರ ಜೊತೆ ವಾದಕ್ಕಿಳಿದು ನಾನೂ ಸುಸ್ತಾದೆ.

ಇಷ್ಟಕ್ಕೂ ಇದನ್ನು ಜನಕ್ಕೆ ಅಂಟಿಸಿದವರು ಪೇಂಟರಣ್ಣನೇ. ಎಷ್ಟೋ ವರ್ಷದ ಹಿಂದೆ, ಮಳೆಯಿಂದ ಕೆಲಸ ತಡವಾಗಿ, ಪಂದ್ಯದ ಬೆಳಿಗ್ಗೆಯೇ ಗೇಟಿಗೆ ಬಣ್ಣ ಹೊಡೆದರು. 'ಮುಟ್ಟಬೇಡಿ' ಹಲಗೆ ತೂಗುಹಾಕುವುದನ್ನು ಮರೆತರು. ನೂಕುನುಗ್ಗಲಿನಲ್ಲಿ ಕಂಡವರ ಕೈಯೆಲ್ಲ ನೀಲಿ. ಗೆಲ್ಲುವುದನ್ನೇ ಮರೆತಿದ್ದ ತಂಡ ಅಂದು ಮೂರು ಗೋಲು ಹೊಡೆಯಿತು. "ಬೈಸ್ಕೊಳ್ಳೋಕೆ ರೆಡಿಯಾಗಿದ್ದೆ. ಮುಂದಿನ ಪಂದ್ಯಕ್ಕೆ ಬಂದವರು, 'ಏನಣ್ಣಾ, ಇವತ್ತು ಬಣ್ಣ ಹಸಿ ಇಲ್ವಲ್ಲ' ಅಂತ ಜಗಳಕ್ಕೇ ನಿಂತ್ರು. ಏನ್ ಮಾಡ್ಲಿ ಹೇಳಿ?"

ಮೀಸೆ ಮೂಡುವ ಮುಂಚೆ ಬ್ರಷ್ ಹಿಡಿದವರು ಇವರು. ಏಣಿಯಿಂದ ಬಿದ್ದು ಎಡಭುಜ ಈಗಲೂ ಪೂರ್ತಿ ಮೇಲೇಳುವುದಿಲ್ಲ. ಆಸ್ಪತ್ರೆ, ಶಾಲೆ, ಸೇತುವೆಯ ಕಂಬಿ, ಇವರ ಕೈ ತಾಗದ ಜಾಗ ಕಡಿಮೆ. ಆ ಕೈಯನ್ನು ಮಾತ್ರ ಯಾರೂ ತಾಗಿಸಿಕೊಳ್ಳುತ್ತಿರಲಿಲ್ಲ. "ಬಸ್ಸಲ್ಲಿ ಕಂಬಿ ಹಿಡಿದ್ರೆ ಪಕ್ಕದವರು ಬಟ್ಟೆ ಎಳ್ಕೊಂಡು ದೂರ ಸರಿಯೋರು. ಒಣಗಿದ ಬಣ್ಣ ಕಣ್ರೀ ಅಂದ್ರೂ ನಂಬ್ತಿರ್ಲಿಲ್ಲ." ಇದೊಂದನ್ನು ಅವರು ಗೊಣಗದೆ ಹೇಳುತ್ತಾರೆ.

ಮನೆಯಲ್ಲೂ ನೆಮ್ಮದಿಯಿಲ್ಲ. ದಿಂಬು, ಟವೆಲ್ಲು, ಫ್ರಿಜ್ಜಿನ ಬಾಗಿಲು ಎಲ್ಲಕ್ಕೂ ನೀಲಿ ಮೆತ್ತಿದೆ. ಮೆತ್ತಿದವರು ಇವರಲ್ಲ, ಇವರ ಹೆಂಡತಿ. "ಉಜ್ಜಿ ಉಜ್ಜಿ ಕೈ ಸೋತೋಯ್ತು ಅಂತ ನನ್ನ ಬೈಯೋದೂ ಇವಳೇ, ಗೇಟಿನ ಮುಂದೆ ಮೊದಲು ನಿಲ್ಲೋದೂ ಇವಳೇ!"

ಇವತ್ತು ಇದಕ್ಕೆಲ್ಲ ಮಂಗಳ ಹಾಡಬೇಕು. ಒಳಗಿನ ಹೊಸ ಕುರ್ಚಿಗಳೆಲ್ಲ ಕಲೆಯಾಗುತ್ತಿವೆಯೆಂದು ಮೈದಾನದ ಮ್ಯಾನೇಜರ್ ಬೇಗ ಒಣಗುವ ಬಣ್ಣ ತರಿಸಿಕೊಟ್ಟಿದ್ದಾರೆ. ಇನ್ನು ಒಂದು ಕುರ್ಚಿಯ ಮೇಲೆ ಅಂಗೈ ಗುರುತು ಕಂಡರೂ ಬೇರೆ ಪೇಂಟರನ್ನು ನೋಡಿಕೊಳ್ಳುತ್ತೇನೆ ಎಂದೂ ಹೇಳಿದ್ದಾರೆ. ಪೇಂಟರಣ್ಣನಿಗೆ ಬೇಕಾದದ್ದೂ ಅದೇ. ತನ್ನ ಗೇಟು ಒಂದೇ ಒಂದು ಸಲ ನುಣ್ಣಗೆ ಒಣಗಿ ನಿಲ್ಲುವುದನ್ನು ನೋಡಬೇಕೆಂಬುದು ಅವರ ಬಹುದಿನದ ಆಸೆ.

ಬಿಸಿಲೇರುವ ಹೊತ್ತಿಗೆ ಗೇಟು ಒಣಗುತ್ತದೆ. ಅವರು ಹಿಂಗೈಯಿಂದ ಸವರಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. "ಮುಖ ಕಾಣ್ಸುತ್ತೆ ನೋಡಿ." ನಿಜಕ್ಕೂ ಕಾಣಿಸುತ್ತದೆ.

ಅಷ್ಟರಲ್ಲಿ ಜನ ಬರುತ್ತಾರೆ. ಇವತ್ತು ಸೋತರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ, ಹಾಗಾಗಿ ಯಾರ ಮುಖದಲ್ಲೂ ನಗುವಿಲ್ಲ. ಎಲ್ಲರಿಗಿಂತ ಮುಂದೆ ಹೆಂಡತಿ. ಆಕೆ ಗೇಟಿಗೆ ಅಂಗೈ ಒತ್ತಿ, ತೆಗೆದು, ತಿರುಗಿಸಿ ನೋಡಿಕೊಳ್ಳುತ್ತಾರೆ. ಏನೂ ಇಲ್ಲ. ಹಿಂದಿದ್ದ ಬಸ್ ಡ್ರೈವರ್ ಎರಡೂ ಕೈ ಒತ್ತುತ್ತಾನೆ. ಏನೂ ಇಲ್ಲ. ಕೂಗಾಡಿದ್ದರೆ ವಾಸಿಯಿತ್ತು, ಇವರು ಖಾಲಿ ಅಂಗೈ ನೋಡಿಕೊಳ್ಳುತ್ತಾ ಸುಮ್ಮನೆ ನಿಂತುಬಿಟ್ಟಿದ್ದಾರೆ.

"ಏನ್ರೀ ಇದು?" ಹೆಂಡತಿ ಕೇಳುತ್ತಾರೆ.

"ಒಣಗಿದೆ."

"ಅದೇ, ಯಾಕೆ ಒಣಗಿದೆ?"

ಪೇಂಟರಣ್ಣ ಹಣೆ ಚಚ್ಚಿಕೊಳ್ಳುತ್ತಾರೆ. ಬೇಗ ಒಣಗದ ಹಳೆಯ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ, ತನ್ನ ಜೀವಮಾನದ ಅತ್ಯುತ್ತಮ ಕೆಲಸದ ಮೇಲೆ ತಾನೇ ಹಸಿ ನೀಲಿ ಬಳಿಯುತ್ತಾರೆ. "ಬನ್ನಿ, ಸಾಯ್ರಿ! ಕೆಲಸ ಹೋದ್ರೆ ಒಬ್ಬೊಬ್ಬರ ಮನೆಗೂ ಊಟಕ್ಕೆ ಬರ್ತೀನಿ!" ಜನ ಹೋ ಎಂದು ಮುಗಿಬೀಳುತ್ತಾರೆ. ನೂಕಾಟದಲ್ಲಿ ನನ್ನ ಬಿಳಿ ಅಂಗಿಯ ತೋಳೂ ಹಾಳಾಗುತ್ತದೆ. ಆ ಕಲೆ ಇನ್ನೂ ಹೋಗಿಲ್ಲ.

ಪಂದ್ಯ ಡ್ರಾ ಆಗಿ ತಂಡ ಹೇಗೋ ಉಳಿದುಕೊಳ್ಳುತ್ತದೆ. ಕುರ್ಚಿಗಳ ತುಂಬ ಅಂಗೈ ಗುರುತು. ನಾಳೆ ಬಂದು ಕಾಣುವಂತೆ ಮ್ಯಾನೇಜರ್ ಹೇಳಿಕಳಿಸಿದ್ದಾರೆ. ಇಷ್ಟೆಲ್ಲ ರೇಗುವವರು ಯಾಕೆ ಹಾಗೆ ಮಾಡಿದಿರಿ ಎಂದು ಕೇಳುತ್ತೇನೆ. ಅವರು ಬ್ರಷ್ ಹಿಂಡಿ ಡಬ್ಬಿಯ ಮೇಲೆ ಅಡ್ಡ ಇಡುತ್ತಾರೆ.

"ನಾಳೆ ಬೆಳಿಗ್ಗೆ ಬಸ್ ಹತ್ತಿ. ಕಂಬಿ ಹಿಡಿದಿರೋ ನೀಲಿ ಕೈಗಳನ್ನ ನೋಡಿ. ಅದರಲ್ಲಿ ಪೇಂಟರ್ ಕೈ ಯಾವುದು ಅಂತ ಹೇಳಿ ನೋಡೋಣ."